ಹೊಲಸು ಬೆಳಕು

ನಮ್ಮ ಬಡಾವಣೆಯ ಸಂಘದ ವಾರ್ಷಿಕ ಸಂಚಿಕೆಗೆ ನಮ್ಮ ರಸ್ತೆಯಲ್ಲಿ ತೀರಿಹೋದ ಹಿರಿಯರೊಬ್ಬರ ಬಗ್ಗೆ ಒಂದು ಪುಟ ಬರೆದುಕೊಟ್ಟಾಗಿದೆ. ಸೌಮ್ಯ ಸ್ವಭಾವದವರು, ಮಿತಭಾಷಿ, ಎಲ್ಲರಿಗೂ ಬೇಕಾದವರು ಎಂದು ಬರೆದೆ. ಮೂರೂ ಸುಳ್ಳು. ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಸತ್ತವರ ಮೇಲೆ ಇಂಥ ನಾಲ್ಕು ಮಾತು ಉದುರಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಸಂಚಿಕೆ ಅಚ್ಚಾಗಿ ಕೈಗೆ ಬಂದಾಗ ಓದಿಕೊಂಡೆ, ಮಗುಚಿಟ್ಟೆ. ಅದಕ್ಕೇ ಇನ್ನೊಂದು ಸಲ ಬರೆಯುತ್ತಿದ್ದೇನೆ. ಈ ಸಲ ಯಾರೂ ಕೇಳಿಲ್ಲ.

ಮೊದಲನೆಯದು, ಅವರು ಸೌಮ್ಯರಲ್ಲ. ವಿದ್ಯಾರಣ್ಯಪುರದ ನಮ್ಮ ರಸ್ತೆಯಲ್ಲಿ ಅವರಷ್ಟು ಗೊಣಗುವ ಮನುಷ್ಯ ಇನ್ನೊಬ್ಬರಿರಲಿಲ್ಲ. ಗದಗದ ಕಡೆಯವರು. ಹರೆಯದಲ್ಲೇ ಇಲ್ಲಿಗೆ ಬಂದು, ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲೆಳೆ ಲೆಕ್ಕದಲ್ಲಿ ಕಬ್ಬಿಣ ಕೆತ್ತಿ ನಿವೃತ್ತರಾದವರು. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ಅವರ ನಾಲಿಗೆ ಗದಗ ಬಿಟ್ಟು ಬಂದಿರಲಿಲ್ಲ. ನನ್ನನ್ನು ಮೊದಲ ದಿನವೇ 'ಅಕ್ಕೋರ' ಎಂದು ಕರೆದರು. ಅವರ ಕಡೆ ಪ್ರಾಥಮಿಕ ಶಾಲೆಯ ಟೀಚರಮ್ಮನನ್ನು ಹಾಗೆ ಕರೆಯುವುದು. ನಾನು ಕಾಲೇಜಿನವಳು ಎಂದು ತಿದ್ದಲು ಹೋದೆ. "ಕಾಲೇಜಿನ್ಯಾಗೂ ಅ ಆ ಇ ಈನ ಅಲ್ರೀ," ಅಂದರು. ಆಮೇಲೆ ತಿದ್ದಲು ಹೋಗಲಿಲ್ಲ.

ಅವರ ಬಾಯಲ್ಲಿ ಒಂದು ಪದ ಸದಾ ಇರುತ್ತಿತ್ತು: ಹೊಲಸು. ಬೆಂಗಳೂರಿನ ನಮಗೆ ಅದು ಗಬ್ಬು ನಾರುವ ಪದ. ಅವರಿಗೆ ಅದು ಊಟಕ್ಕೆ ಉಪ್ಪು ಇದ್ದಂತೆ. ಚಹಾ ಆರಿದ್ದರೆ ಹೊಲಸು ಚಹಾ. ಮೋಡ ಕವಿದರೆ ಹೊಲಸು ಮೋಡ. ಬಸ್ಸು ತಡವಾದರೆ ಹೊಲಸು ಬಸ್ಸು. ತಮ್ಮ ಮಂಡಿನೋವಿಗೂ ಅದೇ ವಿಶೇಷಣ. ಒಂದು ಸಲ ಹೆಂಡತಿ ರೊಟ್ಟಿ ಜೊತೆ ಶೇಂಗಾ ಚಟ್ನಿ ಬಡಿಸಿ ಒಳಗೆ ಹೋದಾಗ ನನ್ನ ಕಡೆ ಬಾಗಿ, "ಹೊಲಸ ರುಚಿ ಮಾಡ್ತಾಳ್ರಿ, ಎರಡ ರೊಟ್ಟಿ ಹೆಚ್ಚ ಹೋಗ್ತಾವ," ಎಂದಿದ್ದರು. ಅದು ಹೊಗಳಿಕೆ. ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು, ಆದರೆ ಅರ್ಥವಾಯಿತು. ಇದನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ನನಗೆ ಅರ್ಥವಾಗಿತ್ತು.

ಅವರು ಆಕಾಶದ ಫೋಟೋ ತೆಗೆಯುತ್ತಿದ್ದರು. ಮನೆಯ ಹಿಂದೆ ನಾಲ್ಕು ಹೆಜ್ಜೆ ಅಗಲದ ಹಿತ್ತಿಲು. ಒಗೆಯುವ ಕಲ್ಲು, ಒಂದು ಕರಿಬೇವಿನ ಗಿಡ, ಸಂಪಿನ ಮುಚ್ಚಳ, ಅದರ ಪಕ್ಕದಲ್ಲಿ ಸಿಮೆಂಟ್ ಹಾಕಿ ಗಟ್ಟಿ ಮಾಡಿದ ಒಂದು ಮೋಟು ಕಂಬ. ಆ ಕಂಬದ ಮೇಲೆ ಮೊಣಕೈ ಉದ್ದದ ದುರ್ಬೀನು, ಅದರ ಬಾಲಕ್ಕೆ ಕ್ಯಾಮೆರಾ. ಆಕಾಶ ತಿರುಗಿದ ಹಾಗೆ ದುರ್ಬೀನನ್ನೂ ತಿರುಗಿಸುವ ಯಂತ್ರವನ್ನು ಅವರೇ ಲೇತಿನಲ್ಲಿ ಕೊರೆದು ಮಾಡಿಕೊಂಡಿದ್ದರು. ಒಬ್ಬ ಮನುಷ್ಯ ನಿವೃತ್ತನಾದ ಮೇಲೆ ಯೋಗಕ್ಕೋ ಭಜನೆಗೋ ಸೇರುವುದನ್ನು ಬಿಟ್ಟು ಇದೇನು ಹುಚ್ಚು ಎಂದು ರಸ್ತೆಯವರು ನಗುತ್ತಿದ್ದರು. ನಾನೂ ಸ್ವಲ್ಪ ನಕ್ಕಿದ್ದೇನೆ.

ನಕ್ಕಿದ್ದು ಯಾವುದಕ್ಕೆ ಎಂದರೆ, ಒಂದು ಬೆಳಿಗ್ಗೆ ಹೋದಾಗ ಅವರು ಕ್ಯಾಮೆರಾಗೆ ಮುಚ್ಚಳ ಹಾಕಿ ಫೋಟೋ ತೆಗೆಯುತ್ತಾ ಕೂತಿದ್ದರು. ಒಂದಲ್ಲ ಎರಡಲ್ಲ, ಇಪ್ಪತ್ತು ಮೂವತ್ತು ಫೋಟೋ, ಎಲ್ಲವೂ ಬರೀ ಕಪ್ಪು.

"ಮುಚ್ಚಳ ತೆಗೆಯೋಕೆ ಮರೆತಿದ್ದೀರಿ," ಅಂದೆ.

"ಮರತಿಲ್ರಿ ಅಕ್ಕೋರ. ಇದು ನಮ್ಮ ಕ್ಯಾಮೆರಾದ ಹೊಲಸು. ಏನೂ ಇಲ್ಲದಿದ್ದಾಗೂ ಅದು ಏನೇನೋ ಚುಕ್ಕಿ ತೋರಸ್ತೈತಿ. ಮೊದಲ ಅದನ್ನ ಹಿಡದ, ಆಕಾಶದ ಫೋಟೋದಾಗಿಂದ ಕಳೀಬೇಕು. ಇಲ್ಲಾಂದ್ರ ನಮ್ಮ ಹೊಲಸನ್ನ ಆಕಾಶದ್ದಂತ ತಿಳಕೊಂಡ ಬಿಡ್ತೀವಿ."

ಇದನ್ನು ಅವರು ತತ್ವಜ್ಞಾನವಾಗಿ ಹೇಳಲಿಲ್ಲ, ಫಿಟ್ಟರ್ ಒಬ್ಬ ಬೋಲ್ಟಿನ ಅಳತೆ ಹೇಳುವ ಹಾಗೆ ಹೇಳಿದರು. ತತ್ವ ಮಾಡಿಕೊಂಡವಳು ನಾನು. ಆ ವಾರ ಎರಡು ಮೂರು ಕಡೆ ಈ ಮಾತನ್ನು ನನ್ನದೇ ಎಂಬಂತೆ ಹೇಳಿ ಭೇಷ್ ಅನ್ನಿಸಿಕೊಂಡೆ.

ಅವರು ಹಿಂದೆ ಬಿದ್ದಿದ್ದು ಒಂದೇ ಒಂದು ವಸ್ತುವಿನ ಹಿಂದೆ. ವೃಷಭ ರಾಶಿಯ ಕೊಂಬಿನ ತುದಿಯ ಹತ್ತಿರ, ಎಂದೋ ಒಂದು ಕಾಲದಲ್ಲಿ ಸಿಡಿದು ಸತ್ತ ನಕ್ಷತ್ರದ ಹೊಗೆಯಂತೆ. ಆಕಾಶದಲ್ಲಿ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ ಹರಡಿದೆ, ಆದರೆ ಬರಿಗಣ್ಣಿಗೆ ಒಂದು ಚೂರೂ ಕಾಣುವುದಿಲ್ಲ. ಕ್ಯಾಮೆರಾಗೂ ಸುಲಭಕ್ಕೆ ಕಾಣುವುದಿಲ್ಲ. ಐದೈದು ನಿಮಿಷದ ಫೋಟೋಗಳನ್ನು ನೂರಾರು ತೆಗೆದು, ಒಂದರ ಮೇಲೊಂದು ಪೇರಿಸಿದರೆ, ಜೇಡರ ಬಲೆಯ ಎಳೆಗಳ ಹಾಗೆ ಕೆಂಪಗೆ ಎಲ್ಲೋ ಸ್ವಲ್ಪ ಎದ್ದು ಬರುತ್ತದೆ. ಇದೆಲ್ಲ ನಡೆಯುವುದು ಚಳಿಗಾಲದ ತಿಳಿ ಆಕಾಶದಲ್ಲಿ ಮಾತ್ರ. ಎರಡು ಚಳಿಗಾಲ ಮುಗಿದಿತ್ತು.

ಎರಡನೇ ಚಳಿಗಾಲ ಮುಗಿದಾಗ ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಎಡಗಡೆ ಅರ್ಧದಲ್ಲಿ ಎಳೆ ಎಳೆಯಾಗಿ ಏನೋ ಇತ್ತು. ಬಲಗಡೆ ಬೂದು ಬಣ್ಣದ ಗೋಡೆ.

"ಈ ಕಡೆ ಏನೂ ಇಲ್ಲವಲ್ಲ."

"ಐತ್ರೀ. ಬರೂದೈತಿ. ಇನ್ನೊಂದ ಹತ್ತು ಹನ್ನೆರಡು ಒಳ್ಳೆ ರಾತ್ರಿ ಸಿಕ್ಕರ ಸಾಕು." ಆಮೇಲೆ ಕೇಳಿದರು, "ಕನ್ನಡದಾಗ ಏನಂತಾರ್ರಿ ಇದಕ್ಕ?"

"ನೀಹಾರಿಕೆ. ನೀಹಾರ ಅಂದರೆ ಮಂಜು."

ಆ ಪದವನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದರು. "ಇಷ್ಟ ಚಂದ ಹೆಸರ ಇಟ್ಟೀರಿ, ಅದನ್ನ ನೋಡಾಕ ಒಂಚೂರು ಕತ್ತಲಿ ಇಡಲಿಲ್ಲ ನೋಡ್ರಿ," ಅಂದರು. ನಾನೇ ಇಟ್ಟ ಹೆಸರು, ನಾನೇ ಕದ್ದ ಕತ್ತಲೆ ಎಂಬಂತೆ ನನ್ನನ್ನು ನೋಡಿದರು.

ಕತ್ತಲೆಗೆ ಅವರು ಪಡುತ್ತಿದ್ದ ಪಾಡು ಅಷ್ಟಿಷ್ಟಲ್ಲ. ಒಂದು ಕಡೆ ಏರ್‌ಪೋರ್ಟ್ ರಸ್ತೆಯ ಹೊಳಪು, ಇನ್ನೊಂದು ಕಡೆ ಯಲಹಂಕದ ಮಾಲುಗಳದ್ದು. ಅದಕ್ಕೆಲ್ಲ ಕ್ಯಾಮೆರಾದ ಮುಂದೆ ಒಂದು ಕೆಂಪು ಗಾಜು ಹಾಕಿ ಹೇಗೋ ಸಂಭಾಳಿಸುತ್ತಿದ್ದರು. ದೂರದ ಬೆಳಕಿನ ಜೊತೆ ಬಾಳಬಹುದು, ನೇರ ದುರ್ಬೀನಿನ ಕೊಳವೆಯೊಳಗೆ ಬೀಳುವ ಬೆಳಕಿನ ಜೊತೆ ಆಗುವುದಿಲ್ಲ ಎನ್ನುತ್ತಿದ್ದರು. ಪಕ್ಕದ ಮನೆಯ ಟೈಲರ್ ಬೀಬಿಗೆ ತಾರಸಿ ದೀಪ ಆರಿಸಲು ಕೇಳಿದಾಗ ಆಕೆ ಯಾಕೆ ಎಂದೂ ಕೇಳದೆ, "ಲೈಟ್ ಬಂದ್ ಕರೇ ತೋ ಹಮ್ನಾ ಕ್ಯಾ ಜಾತಾ ಭಾಯ್, ನಮ್ದೇನು ಹೋಗತ್ತೆ, ಆರಿಸ್ತೀನಿ ಬಿಡಿ," ಅಂದು ಎರಡೂ ಚಳಿಗಾಲ ಏಳು ಗಂಟೆಗೆ ಸರಿಯಾಗಿ ಆರಿಸಿದರು. ನಮ್ಮ ರಸ್ತೆಯಲ್ಲಿ ಮರ್ಯಾದಸ್ಥರು ಅಂತ ಯಾರಾದರೂ ಇದ್ದರೆ ಆಕೆ ಒಬ್ಬರೇ. ಆಕೆ ಸಂಘದ ಸದಸ್ಯೆ ಅಲ್ಲ, ಬಾಡಿಗೆಯವರು.

ಸಂಘದವರ ಸಂಗತಿ ಬೇರೆ. ಇವರ ಹಿತ್ತಿಲಿನ ಆಚೆಗೇ ಪಾರ್ಕು. ಕಳೆದ ದೀಪಾವಳಿಗೆ ನಮ್ಮ ಅಧ್ಯಕ್ಷರು ಅಲ್ಲಿ ಒಂದು ಎತ್ತರದ ಕಂಬ ನೆಡಿಸಿ, ನಾಲ್ಕು ದಿಕ್ಕಿಗೆ ನಾಲ್ಕು ಎಲ್‌ಇಡಿ ದೀಪ ಹಾಕಿಸಿದರು. ತೀರಿಹೋದ ತಮ್ಮ ತಾಯಿಯ ನೆನಪಿಗೆ. ಕಂಬದ ಬುಡದಲ್ಲಿ ಗ್ರಾನೈಟ್ ಫಲಕ, ಅದರ ಮೇಲೆ ತಾಯಿಯ ಹೆಸರು ಸಣ್ಣಕ್ಷರದಲ್ಲಿ, ಮಗನ ಹೆಸರು ದಪ್ಪಕ್ಷರದಲ್ಲಿ. ಆ ತಾಯಿ ಒಳ್ಳೆಯ ಮುದುಕಿ. ಸಂಜೆ ಪಾರ್ಕಿನ ಬೆಂಚಿನಲ್ಲಿ ಒಬ್ಬರೇ ಕೂತಿರುತ್ತಿದ್ದರು. ಇವರು ದಿನಾ ಹೋಗಿ, ಅಗೋ ಅದು ಗುರು, ಇದು ಶನಿ ಎಂದು ತೋರಿಸುತ್ತಿದ್ದರು. ಮಗ ಆ ಬೆಂಚಿನ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒತ್ತಿ ನಡಾವಳಿ ಪುಸ್ತಕದ ಹಾಳೆ ತಿರುವುವ ಮನುಷ್ಯ ಅವರು. ಕಾರ್ಯದರ್ಶಿಯಾದ ನಾನು ಆ ಒದ್ದೆ ಮೂಲೆಗಳನ್ನು ಮುಟ್ಟಿ ಬರೆಯಬೇಕು.

ನಾಲ್ಕು ದೀಪಗಳಲ್ಲಿ ಒಂದು ಸೀದಾ ಹಿತ್ತಿಲಿಗೆ ಬೀಳುತ್ತಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು ಪೇಪರ್ ಓದಬಹುದು, ಅಷ್ಟು ಬೆಳಕು.

ಇವರು ನನ್ನ ಮನೆಗೆ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅಷ್ಟರಲ್ಲಾಗಲೇ ಅವರ ಹೃದಯಕ್ಕೆ ಎರಡು ಸ್ಟೆಂಟ್ ಬಿದ್ದಿತ್ತು, ಮೆಟ್ಟಿಲು ಹತ್ತಿ ಬಂದರೆ ಸುಧಾರಿಸಿಕೊಂಡು ಮಾತಾಡಬೇಕಿತ್ತು. ಭಾರ ಎತ್ತಬಾರದು, ಊರಾಚೆ ರಾತ್ರಿ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರು. ಹಿತ್ತಿಲು ಬಿಟ್ಟರೆ ಅವರಿಗೆ ಬೇರೆ ಆಕಾಶ ಇರಲಿಲ್ಲ. ಚೀಲದಿಂದ ಒಂದು ತಗಡಿನ ಮರೆ ತೆಗೆದು ಟೀಪಾಯಿ ಮೇಲಿಟ್ಟರು. ಆ ಒಂದು ದೀಪದ ಅಳತೆಗೆ ಸರಿಯಾಗಿ ಬಗ್ಗಿಸಿ, ಅಂಚು ಮಡಚಿ, ಬಿಳಿ ಬಣ್ಣ ಬಳಿದು, ಸ್ಕ್ರೂಗಳನ್ನೂ ಪುಟ್ಟ ಪೊಟ್ಟಣ ಕಟ್ಟಿ ಅಂಟಿಸಿದ್ದರು.

"ದೀಪ ಆರಿಸೂದ ಬ್ಯಾಡ್ರಿ. ಇದನ್ನ ಒಂದು ಹಾಕಿದ್ರ ಪಾರ್ಕಿನ ಬೆಳಕು ಪಾರ್ಕಿನ್ಯಾಗ ಇರ್ತೈತಿ. ನಮ್ಮ ಹಿತ್ತಲಕ್ಕ ಬರೂದಿಲ್ಲ. ಮೀಟಿಂಗಿನ್ಯಾಗ ನೀವೊಂದು ಮಾತು ಹೇಳ್ರಿ. ಈ ಚಳಿಗಾಲ ಒಂದು ಮುಗದ್ರ ನಂದು ಮುಗೀತು."

ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಮೀಟಿಂಗ್ ಭಾನುವಾರ ಬೆಳಿಗ್ಗೆ, ಪಾರ್ಕಿನ ಮಂಟಪದಲ್ಲಿ. ಬಿಸಿ ಬೋಂಡಾ, ಕಾಗದದ ಲೋಟದಲ್ಲಿ ಕಾಫಿ. ಕಸದ ಗಾಡಿ, ಬೀದಿನಾಯಿ, ಎಲ್ಲ ಮುಗಿದ ಮೇಲೆ ನಾನು ಬಾಯಿ ತೆರೆಯಬೇಕಿತ್ತು. ತೆರೆಯುವುದಕ್ಕೆ ಮುಂಚೆ ಅಧ್ಯಕ್ಷರು ನನ್ನ ಕಡೆ ಬಾಗಿ, "ಮೇಡಂ, ನಿಮ್ಮ ಮನೆ ಮುಂದಿನ ಮೋರಿ ವಿಷ್ಯ ಇಂಜಿನಿಯರ್‌ಗೆ ಹೇಳಿದೀನಿ. ಸೋಮವಾರ ಕ್ಲೀನ್ ಆಗತ್ತೆ," ಅಂದರು. ಆರು ತಿಂಗಳಿಂದ ಆ ಮೋರಿ ಉಕ್ಕುತ್ತಿತ್ತು. ಗೇಟು ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು, ಮುಂದಿನ ಕೋಣೆಯಲ್ಲಿ ಊದುಬತ್ತಿ ಹಚ್ಚಿಟ್ಟು ಕೂರಬೇಕು. ನಾನು ಥ್ಯಾಂಕ್ಸ್ ಅಂದೆ, ಬೋಂಡಾ ತಿಂದೆ, ಸುಮ್ಮನಾದೆ.

ಬೆಂಚಿನ ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ ಇವರು ಕೊನೆಗೆ ತಾವೇ ಎದ್ದರು. ಕೈಯಲ್ಲಿ ತಗಡಿನ ಮರೆ.

"ಏನಿಲ್ರೀ, ಆ ಕಂಬದ್ದೊಂದು ಹೊಲಸ ಬೆಳಕು ನಮ್ಮ ಹಿತ್ತಲದಾಗ ಬೀಳಾಕತ್ತೈತಿ. ಅದಕ್ಕ ಇದೊಂದು ಮರಿ..."

"ಏನಂದ್ರಿ?" ಅಧ್ಯಕ್ಷರು ಲೋಟ ಕೆಳಗಿಟ್ಟರು. "ನಮ್ಮಮ್ಮನ ಹೆಸರಲ್ಲಿ ಹಾಕ್ಸಿರೋ ದೀಪ. ಅದು ಹೊಲಸಾ?"

"ಹಂಗಲ್ರೀ, ನಾ ಅಂದದ್ದು..."

"ಸತ್ತಿರೋರ ದೀಪ ಕಣ್ರೀ ಅದು. ಏನ್ ಮಾತಾಡ್ತಿದೀರ?"

ಹಿಂದಿನಿಂದ ನಾಲ್ಕು ಜನ ಎದ್ದರು. ಇವರು ಹಂಗಲ್ರೀ, ಹಂಗಲ್ರೀ ಎನ್ನುತ್ತಾ ಸುತ್ತ ತಿರುಗಿ ನೋಡಿದರು. ಆಗ ಅಧ್ಯಕ್ಷರು ಕೇಳಿದರು: "ಮೇಡಂ, ನೀವು ಕನ್ನಡ ಪಾಠ ಮಾಡಿದೋರು. ನೀವೇ ಹೇಳಿ. ಹೊಲಸು ಅಂದ್ರೆ ಏನರ್ಥ?"

ಇಷ್ಟು ವರ್ಷದ ನೌಕರಿಯಲ್ಲಿ ನನ್ನ ವಿದ್ಯೆ ಒಬ್ಬ ಮನುಷ್ಯನಿಗೆ ನಿಜವಾಗಿ ಉಪಯೋಗಕ್ಕೆ ಬರಬಹುದಾಗಿದ್ದ ಗಳಿಗೆ ಅದೊಂದೇ. ಅವರ ಕಡೆ ಆ ಪದಕ್ಕೆ ಅಷ್ಟೆಲ್ಲ ಭಾರವಿಲ್ಲ, ಹೆಂಡತಿಯ ಚಟ್ನಿಗೂ ಹಾಗೇ ಅನ್ನುತ್ತಾರೆ ಎಂದು ಒಂದು ಮಾತು ಹೇಳಿದ್ದರೆ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಸಮಾಧಾನವಾಗಿ. ಇನ್ನು ಅಕ್ಕೋರು ಹೇಳುತ್ತಾರೆ ಎಂಬ ಸಮಾಧಾನ.

"ನಿಘಂಟಿನ ಪ್ರಕಾರ," ಅಂದೆ, "ಕೊಳಕು, ಹೇಸಿಗೆ. ಅಮೇಧ್ಯ ಅಂತಲೂ ಅರ್ಥ ಇದೆ."

ಒಂದಕ್ಷರ ತಪ್ಪಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ.

ಆಮೇಲಿನದನ್ನು ಬರೆಯಲು ಅಸಹ್ಯವಾಗುತ್ತದೆ, ಆದರೂ ಬರೆಯಬೇಕು. ಅವರ ಕೈಲಿ ಕ್ಷಮೆ ಕೇಳಿಸಿದರು. ಕೇಳಿದರು. ಕೂತವರಿಗೆ ಕೈ ಮುಗಿದು, ಮರೆಯನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಹೋದರು. ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಅವರಿಗೆ 'ಹೊಲಸು ಅಂಕಲ್' ಎಂದು ಹೆಸರು ಬಿತ್ತು. ದಿನಾ ಬೆಳಿಗ್ಗೆ ದೇವರ ಫೋಟೋ ಕಳಿಸುವ ಭಕ್ತರೇ ಅದಕ್ಕೆ ನಗುವ ಮುಖ ಒತ್ತಿದರು. ಎರಡು ದಿನ ಬಿಟ್ಟು ನೋಡಿದರೆ ಆ ಮರೆ ಪಾರ್ಕಿನ ಗೇಟಿನ ಕಸದ ಡಬ್ಬಿಗೆ ಮುಚ್ಚಳವಾಗಿತ್ತು. ಅಳತೆ ಹೊಂದದೆ ಒಂದು ಕಡೆ ವಾಲಿಕೊಂಡಿತ್ತು, ಅಂಟಿಸಿದ ಸ್ಕ್ರೂ ಪೊಟ್ಟಣ ಹಾಗೇ ಇತ್ತು. ಅವರು ಹಾಲು ತರಲು ದಿನಾ ಅದರ ಪಕ್ಕದಲ್ಲೇ ನಡೆದು ಹೋಗಬೇಕಿತ್ತು. ಹೋಗುತ್ತಿದ್ದರು.

ಮೋರಿ ಕ್ಲೀನ್ ಆಯಿತು. ಇಪ್ಪತ್ತು ದಿನಕ್ಕೆ ಮತ್ತೆ ಉಕ್ಕಿತು.

ಅವರು ಬೇರೆ ಉಪಾಯ ಮಾಡಿ ನೋಡಿದರು. ಬಟ್ಟೆ ಒಣಗಿಸುವ ತಂತಿಗೆ ಕರಿ ಕಂಬಳಿ ಕಟ್ಟಿದರು, ಗಾಳಿಗೆ ನಿಲ್ಲಲಿಲ್ಲ. ನೀರಿನ ಡ್ರಮ್ಮಿನ ಮೇಲೆ ಡ್ರಮ್ಮು ಪೇರಿಸಿದರು, ಹೆಂಡತಿ ಹೆದರಿ ಇಳಿಸಿದರು. ಡಿಸೆಂಬರ್ ಹೋಯಿತು, ಸಂಕ್ರಾಂತಿ ಬಂತು. ಎಳ್ಳು ಬೆಲ್ಲ ಕೊಡುವ ನೆಪದಲ್ಲಿ ನಾನು ಅವರ ಮನೆಗೆ ಹೋದೆ. ಎರಡು ತಿಂಗಳಲ್ಲಿ ಅದೇ ಮೊದಲು. ಲ್ಯಾಪ್‌ಟಾಪ್ ಮುಚ್ಚಿತ್ತು. ಕೂರಿಸಿದರು, ಎಳ್ಳು ತಿಂದರು.

"ನೀವು ಹೇಳಿದ್ದ ತಪ್ಪಿಲ್ರೀ," ಅವರಾಗಿ ಅಂದರು. "ನಾನೂ ಡಿಕ್ಷನರಿ ತಗದ ನೋಡಿದೆ. ಹಂಗ ಐತಿ."

ಅವರು ಬೈದಿದ್ದರೆ ನಾನು ಹಗುರಾಗಿ ಎದ್ದು ಬರುತ್ತಿದ್ದೆ. ಬೈಗುಳಕ್ಕೆ ಹೆಸರಾದ ಮನುಷ್ಯ ನನಗೆ ಮಾತ್ರ ಬೈಯಲಿಲ್ಲ. ಮುಂದೆ ಹವೆಯ ಬಗ್ಗೆ ಮಾತಾಡಿದೆವು. ಈ ಸಲ ಚಳಿ ಜಾಸ್ತಿ ಎಂದರು. ಹೊಲಸು ಚಳಿ ಎನ್ನಲಿಲ್ಲ, ಚಳಿ ಎಂದರು.

ಜನವರಿ ಮುಗಿಯುವುದರೊಳಗೆ ಹೋಗಿಬಿಟ್ಟರು. ಬೆಳಿಗ್ಗೆ ಚಹಾ ಕುಡಿಯುವಾಗ, ಕುರ್ಚಿಯಲ್ಲೇ.

ಸತ್ತ ಕೂಡಲೇ ನಮ್ಮವರಿಗೆ ಅವರು ಮಹಾನುಭಾವರಾದರು. ಇಂಥ ಪ್ರತಿಭೆ ನಮ್ಮ ಮಧ್ಯೆ ಇದ್ದದ್ದು ನಮ್ಮ ಭಾಗ್ಯ ಎಂದು ಗುಂಪಿನಲ್ಲಿ ಕೈ ಮುಗಿದ ಚಿತ್ರಗಳು. ಪಾರ್ಕಿನಲ್ಲೇ ಶ್ರದ್ಧಾಂಜಲಿ ಸಭೆ ಎಂದು ತೀರ್ಮಾನವಾಯಿತು. ಫ್ಲೆಕ್ಸಿಗೆ ಒಂದು ಫೋಟೋ ಬೇಕೆಂದು ಹೋದಾಗ ಅವರ ಹೆಂಡತಿ ಆ ಅರ್ಧ ಮುಗಿದ ನೀಹಾರಿಕೆಯನ್ನು ಕೊಟ್ಟರು. ನಾನು ಅದನ್ನು ಅಧ್ಯಕ್ಷರ ಮೊಬೈಲಿಗೆ ಕಳಿಸಿದೆ. ಅವರು ಮೊಬೈಲನ್ನು ಹತ್ತಿರ ಹಿಡಿದು ದೂರ ಹಿಡಿದು ನೋಡಿ, "ಇದ್ರಲ್ಲಿ ಏನೂ ಕಾಣ್ತಿಲ್ವಲ್ಲ ಮೇಡಂ. ನೆಟ್ಟಲ್ಲಿ ಒಳ್ಳೇದು ಸಿಗತ್ತೆ ಬಿಡಿ," ಅಂದರು. ಸಿಕ್ಕಿತು. ನೇರಳೆ, ಹಸಿರು, ಗುಲಾಬಿ ಬಣ್ಣದ ಯಾವುದೋ ಗ್ಯಾಲಕ್ಸಿಯ ನಡುವೆ ಅವರ ಆಧಾರ್ ಕಾರ್ಡಿನ ಮುಖ. ಕೆಳಗೆ 'ನಮ್ಮ ಬಡಾವಣೆಯ ವಿಜ್ಞಾನಿ'.

ಫೆಬ್ರವರಿಯ ಒಂದು ಸಂಜೆ, ಏಳೂವರೆ. ನಾನು ವೇದಿಕೆಯಲ್ಲಿ ನಿಂತು ಸೌಮ್ಯ ಸ್ವಭಾವದವರು, ಮಿತಭಾಷಿ ಎಂದು ಓದಿದೆ. ಅವರ ಹೆಂಡತಿ ನನ್ನ ಪಕ್ಕದಲ್ಲಿ ನಿಂತಿದ್ದರು. ಆಮೇಲೆ ಅಧ್ಯಕ್ಷರು ಮೈಕ್ ತೆಗೆದುಕೊಂಡರು. "ಅವ್ರು ಯಾವಾಗ್ಲೂ ಕತ್ತಲೆ ಬೇಕು ಕತ್ತಲೆ ಬೇಕು ಅಂತಿದ್ರು. ಅವರ ಆತ್ಮಕ್ಕೆ ಶಾಂತಿ ಸಿಗ್ಲಿ ಅಂತ ನಮ್ಮಮ್ಮನ ದೀಪಾನ ಎರಡು ನಿಮಿಷ ಆರಿಸ್ತೀವಿ. ಎಲ್ಲರೂ ಎದ್ದು ನಿಂತು ಮೌನ ಆಚರಿಸಬೇಕು." ನಿಜವಾಗಿಯೂ ಕಣ್ಣೊರೆಸಿಕೊಂಡರು.

ದೀಪ ಆರಿತು. ಪಾರ್ಕು ಕಪ್ಪಾಯಿತು, ಮರಗಳು ಕಪ್ಪಾದವು. ಅವರ ಹೆಂಡತಿ ತಲೆ ಎತ್ತಿದರು. ಆ ಹೊತ್ತಿಗೆ ವೃಷಭದ ಕೊಂಬು ಸರಿಯಾಗಿ ನೆತ್ತಿಯ ಮೇಲಿರುತ್ತದಂತೆ. "ಅಲ್ಲೇ ಐತ್ರಿ ಅದು," ಎಂದು ಪಿಸುಮಾತಿನಲ್ಲಿ ನನಗೆ ತೋರಿಸಿದರು. "ಒಂದ ಫೋಟೋಕ್ಕ ಐದ ನಿಮಿಷ ಬೇಕಂತಿದ್ರು. ಎರಡಕ್ಕ ಏನೂ ಬರೂದಿಲ್ಲ."

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಮೊಬೈಲಿನ ಟಾರ್ಚ್ ಹಚ್ಚಿ ಮೇಲೆತ್ತಿದರು. ಗೌರವಕ್ಕೆ. ಪಕ್ಕದವರು ಹಚ್ಚಿದರು. ಅವರ ಹಿಂದಿನವರು ಹಚ್ಚಿದರು. ನೋಡನೋಡುತ್ತ ಪಾರ್ಕಿನ ತುಂಬ ಬಿಳಿ ಬೆಳಕು ಎದ್ದು ಅಲ್ಲಾಡತೊಡಗಿತು. ಅಧ್ಯಕ್ಷರೂ ಎತ್ತಿದರು. ಅವರ ಹೆಂಡತಿಯನ್ನು ಬಿಟ್ಟರೆ ವೇದಿಕೆಯ ಮೇಲೆ ದೀಪ ಎತ್ತದೆ ನಿಂತಿದ್ದವಳು ನಾನೊಬ್ಬಳೇ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ನಾನೂ ಹಚ್ಚಿದೆ.

ಅವರ ಹೆಂಡತಿ ಇನ್ನೂ ಮೇಲೆ ನೋಡುತ್ತಿದ್ದರು. ನನ್ನ ಕೈಯ ಬೆಳಕು ಅವರ ಕಣ್ಣಿಗೇ ಹೊಡೆಯುತ್ತಿತ್ತು. ಅವರು ನನ್ನ ಕಡೆ ತಿರುಗಲಿಲ್ಲ. ಒಂದು ಅಂಗೈಯನ್ನು ನನ್ನ ದೀಪಕ್ಕೆ ಅಡ್ಡ ಹಿಡಿದು, ಅದರ ಮರೆಯಲ್ಲಿ ಆಕಾಶ ನೋಡಿದರು.

"ಆರಸ್ರಿ ಅಕ್ಕೋರ," ಅಂದರು.

ಆರಿಸಿದೆ. ಎರಡು ನಿಮಿಷ ಮುಗಿದಿತ್ತು, ಕಂಬದ ದೀಪ ಹತ್ತಿತು.